ಅಲಗಿಗೂ ಹದ, ಒರೆಗೂ ಹದ



ನಿಮ್ಮ ಅಡುಗೆಮನೆಯ ಚಾಕುವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಅದರ ಹಿಡಿ ಯಾರ ಕೈಗಾಗಿ ಮಾಡಿದ್ದು? ನಿಮ್ಮ ಕೈಗೂ ಅಲ್ಲ, ನಿಮ್ಮ ತಾಯಿಯವರ ಕೈಗೂ ಅಲ್ಲ. ಕಾರ್ಖಾನೆಯವರು ಮನಸ್ಸಿನಲ್ಲಿಟ್ಟುಕೊಂಡ ಒಂದು ಸರಾಸರಿ ಕೈಗೆ ಮಾಡಿದ್ದು. ಈ ಸರಾಸರಿ ಕೈ ಲೆಕ್ಕದ ಪುಸ್ತಕದಲ್ಲಿ ಸಿಗುತ್ತದೆಯೇ ಹೊರತು ಯಾರ ಮುಂಗೈಗೂ ಅಂಟಿಕೊಂಡಿಲ್ಲ. ಈರುಳ್ಳಿ ಹೆಚ್ಚುವಾಗ ಈ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಚಾಕುವನ್ನೇ ಹಿಡಿದು ಹೊಟ್ಟೆ ಹೊರೆಯುವವರಿಗೆ ಮಾತ್ರ ಗೊತ್ತಾಗುತ್ತದೆ.

ಒಬ್ಬರ ಕೈಗೆ ತಕ್ಕಂತೆ ಚಾಕುವನ್ನು ಕೈಯಿಂದಲೇ ಮಾಡುವುದು ಹೇಗೆ, ಅದಕ್ಕೆ ತೊಗಲಿನ ಒರೆ ಹೊಲಿಯುವುದು ಹೇಗೆ, ಇವೆರಡರ ಹಿಂದೆ ಯಾವ ವಿಜ್ಞಾನ ಅಡಗಿದೆ ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ನಾನು ಓದಿದ್ದು ವಿಜ್ಞಾನ, ಅನ್ನ ಕೊಟ್ಟದ್ದು ಕ್ಯಾಮೆರಾ. ತೋಟಗಾರಿಕೆಯ ಒಂದು ಕಾರ್ಯಕ್ರಮಕ್ಕಾಗಿ ಶ್ರೀನಿವಾಸಪುರದ ಕಡೆಯ ಮಾವಿನ ನರ್ಸರಿಯೊಂದಕ್ಕೆ ಹೋಗಿದ್ದಾಗ ಕಂಡ ಸಂಗತಿ ಇದು. ಪರದೆಯ ಮೇಲೆ ನಾಲ್ಕು ನಿಮಿಷದಲ್ಲಿ ಮುಗಿದುಹೋದದ್ದನ್ನು ಅಚ್ಚಿನಲ್ಲಿ ಸ್ವಲ್ಪ ಬಿಡುವಾಗಿ ಹೇಳಬಹುದಲ್ಲವೆ?

ಎಡಗೈಗೆ ಸಿಗದ ಚಾಕು

ಆ ನರ್ಸರಿಯಲ್ಲಿ ಹತ್ತಾರು ಹೆಣ್ಣುಮಕ್ಕಳು ಸಾಲಾಗಿ ಕುಳಿತು ಮಾವಿನ ಕಸಿ ಕಟ್ಟುತ್ತಿದ್ದರು. ಅವರಲ್ಲಿ ಒಬ್ಬಾಕೆ ಮಾತ್ರ ದೂರದಲ್ಲಿ ಕುಳಿತು ಪಾಲಿಥಿನ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆಕೆ ಎಡಚಿ. ಕಸಿ ಕಟ್ಟುವುದು ಕಲಿತಿದ್ದಾರೆ, ಆಸೆಯೂ ಇದೆ. ಆದರೆ ಆಕೆ ಕಟ್ಟಿದ ಕಸಿಗಳು ಉಳಿದವರ ಕಸಿಗಳಷ್ಟು ಹಿಡಿಯುವುದಿಲ್ಲ. ಅಲ್ಲಿ ಕೂಲಿ ಕೊಡುವುದು ಕಟ್ಟಿದ ಕಸಿಗಲ್ಲ, ಚಿಗುರಿದ ಕಸಿಗೆ. ಹಾಗಾಗಿ ಮೇಸ್ತ್ರಿ ಆಕೆಯನ್ನು ಮಣ್ಣಿನ ಕೆಲಸಕ್ಕೆ ಹಾಕಿದ್ದರು. ಅದರ ಕೂಲಿ ಕಡಿಮೆ.

“ಕೈಯೇ ಸರಿಯಿಲ್ಲ ಅಂತಾರೆ ಸಾರ್” ಎಂದರು ಆಕೆ. ಕೈ ಸರಿಯಾಗಿಯೇ ಇತ್ತು. ಸರಿಯಿಲ್ಲದ್ದು ಚಾಕು.

ಇದನ್ನು ತಿಳಿಯಲು ಕಸಿ ಚಾಕುವನ್ನು ಹತ್ತಿರದಿಂದ ನೋಡಬೇಕು. ತರಕಾರಿ ಹೆಚ್ಚುವ ಚಾಕುವಿನ ಅಲಗು ಎರಡೂ ಮಗ್ಗುಲಿನಿಂದ ಇಳಿಜಾರಾಗಿ ಬಂದು ಬಾಯಿಯಲ್ಲಿ ಕೂಡುತ್ತದೆ. ಒಳ್ಳೆಯ ಕಸಿ ಚಾಕು ಹಾಗಲ್ಲ. ಅದರ ಒಂದು ಮಗ್ಗುಲು ಕನ್ನಡಿಯಂತೆ ಚಪ್ಪಟೆ, ಇಳಿಜಾರು ಇನ್ನೊಂದು ಮಗ್ಗುಲಿಗೆ ಮಾತ್ರ. ಬಡಗಿಯ ಉಳಿಯೂ ಹೀಗೆಯೇ ಇರುತ್ತದೆ. ಚಪ್ಪಟೆ ಮಗ್ಗುಲು ಉಳಿಸಿಕೊಳ್ಳುವ ಕಡ್ಡಿಗೆ ಒತ್ತಿಕೊಂಡು ಸಾಗಿದರೆ ಸೀಳು ನೇರವಾಗಿ ಬರುತ್ತದೆ. ಇಳಿಜಾರಿನ ಮಗ್ಗುಲು ಆ ಕಡೆಗೆ ಬಂದರೆ ಅಲಗು ಒಮ್ಮೆ ಒಳಕ್ಕೆ ಕಚ್ಚುತ್ತದೆ, ಒಮ್ಮೆ ಮೇಲಕ್ಕೆ ಜಾರುತ್ತದೆ; ಸೀಳಿನ ಮೈ ದೋಣಿಯಂತೆ ತಗ್ಗಾಗುತ್ತದೆ. ಬಲಗೈಯವರಿಗೆ ಮಾಡಿದ ಚಾಕು ಎಡಗೈಗೆ ಬಂದಾಗ ಆಗುವುದು ಇದೇ.

ಸೀಳು ಕೊಂಚ ತಗ್ಗಾದರೆ ಏನು ಮಹಾ ನಷ್ಟ ಎಂದು ನೀವು ಕೇಳಬಹುದು. ಗಿಡದ ತೊಗಟೆಗೂ ಒಳಗಿನ ಕಟ್ಟಿಗೆಗೂ ನಡುವೆ ಕ್ಯಾಂಬಿಯಂ ಎಂಬ ಬಹಳ ತೆಳುವಾದ ಪದರವಿದೆ. ಒಡೆದು ಎರಡಾಗಿ ಹೊಸ ಅಂಗಾಂಶ ಕಟ್ಟುವ ಜೀವಕೋಶಗಳು ಇರುವುದು ಅಲ್ಲಿ. ಮೃದುಕಾಂಡ ಕಸಿಯಲ್ಲಿ ಬೇರುಗಿಡದ ತುದಿಯನ್ನು ಸೀಳಿ, ಒಳ್ಳೆಯ ಜಾತಿಯ ಕಡ್ಡಿಯನ್ನು ಮೂರು ನಾಲ್ಕು ಸೆಂಟಿಮೀಟರು ಬೆಣೆಯಂತೆ ಕೆತ್ತಿ ಅದರಲ್ಲಿ ಕೂಡಿಸಿ, ಪಾಲಿಥಿನ್ ಪಟ್ಟಿಯಿಂದ ಬಿಗಿಯುತ್ತಾರೆ. ಎರಡರ ಕ್ಯಾಂಬಿಯಂ ಒಂದಕ್ಕೊಂದು ತಾಗಿದರೆ ಬೆಸುಗೆ. ನಡುವೆ ಗಾಳಿಗೆ ಸಂದು ಉಳಿದರೆ, ಆ ಸಂದು ತುಂಬುವಷ್ಟರಲ್ಲಿ ಕಡ್ಡಿ ಒಣಗಿಹೋಗುತ್ತದೆ. ಕೂದಲೆಳೆಯಷ್ಟು ಸಂದಿನಲ್ಲಿ ಒಬ್ಬ ಹೆಣ್ಣುಮಗಳ ಕೂಲಿ ಸೋರಿಹೋಗುತ್ತಿತ್ತು.

ಎಡಗೈಯವರ ಕಸಿ ಚಾಕುಗಳನ್ನು ಹೊರದೇಶಗಳ ಕೆಲವು ಕಂಪನಿಗಳು ಮಾಡುತ್ತವೆ. ಆ ನರ್ಸರಿಯ ಸುತ್ತಿನ ಯಾವ ಅಂಗಡಿಯಲ್ಲೂ ಅದು ಇರಲಿಲ್ಲ. ಆದರೆ ಮೂರು ಮೈಲಿ ದೂರದಲ್ಲಿ ಒಂದು ಕುಲುಮೆ ಇತ್ತು.

ಲಾರಿಯ ಪಟ್ಟಿಯಿಂದ ಅಲಗು

ಕುಲುಮೆಯ ಆಚಾರ್ರು ಆಕೆಯನ್ನು ಮೊದಲು ಕೇಳಿದ್ದು ಅಳತೆಯನ್ನಲ್ಲ. “ಒಂದು ಕಡ್ಡಿ ಕೆತ್ತಿ ತೋರ್ಸು ತಾಯಿ” ಎಂದರು. ಆಕೆ ಕೆತ್ತಿದರು. ಹೆಬ್ಬೆರಳು ಎಲ್ಲಿ ಒತ್ತುತ್ತದೆ, ಮಣಿಕಟ್ಟು ಎತ್ತ ತಿರುಗುತ್ತದೆ ಎಂದು ಆಚಾರ್ರು ಸುಮ್ಮನೆ ನೋಡಿದರು. ಆಮೇಲೆ ರಟ್ಟಿನ ಚೂರೊಂದರ ಮೇಲೆ ಆಕೆಯ ಎಡಗೈ ಇರಿಸಿ ಪೆನ್ಸಿಲಿನಿಂದ ಗೆರೆ ಎಳೆದುಕೊಂಡರು. ಕೈಗೆಂದು ಮಾಡುವ ಚಾಕು ಶುರುವಾಗುವುದು ಹೀಗೆ. ಅಲಗು ಏಳು ಸೆಂಟಿಮೀಟರು, ಬಾಯಿ ನೇರ, ಬೆನ್ನು ಎರಡೂವರೆ ಮಿಲಿಮೀಟರು ದಪ್ಪ, ಹಿಡಿ ಹನ್ನೊಂದು ಸೆಂಟಿಮೀಟರು ಎಂದು ನಿಶ್ಚಯವಾಯಿತು. ಮಡಿಸುವ ಚಾಕು ಬೇಡ, ಕೀಲಿನಲ್ಲಿ ಗಿಡದ ರಸ ಕೂತು ಕೊಳೆಯುತ್ತದೆ, ಸ್ಪಿರಿಟಿನಿಂದ ಒರೆಸುವುದೂ ಕಷ್ಟ ಎಂದರು ಆಕೆ. ಮಡಿಸದ ಚಾಕು ಎಂದ ಮೇಲೆ ಒರೆ ಬೇಕೇ ಬೇಕು.

ಉಕ್ಕು ಎಲ್ಲಿಂದ? ನಮ್ಮ ಹಳ್ಳಿಯ ಕಮ್ಮಾರರಿಗೆ ಇದಕ್ಕೆ ಉತ್ತರ ಸಿದ್ಧವಾಗಿದೆ: ಲಾರಿಯ ಸ್ಪ್ರಿಂಗ್ ಪಟ್ಟಿ. ಲಾರಿಯ ಭಾರ ಹೊತ್ತು ಬಾಗಿ, ಮತ್ತೆ ನೆಟ್ಟಗಾಗುವ ಈ ಪಟ್ಟಿಯಲ್ಲಿ ನೂರಕ್ಕೆ ಅರ್ಧ ಪಾಲಿನಿಂದ 0.6 ಪಾಲಿನವರೆಗೆ ಇಂಗಾಲ ಇರುತ್ತದೆ. ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಸ್ವಲ್ಪ. ಕಿಟಕಿಯ ಸರಳಿನ ಮೆದು ಕಬ್ಬಿಣದಲ್ಲಿ ಇಷ್ಟು ಇಂಗಾಲ ಇಲ್ಲ. ಅದನ್ನು ಎಷ್ಟು ಕಾಸಿ ಅದ್ದಿದರೂ ಚಾಕುವಾಗುವುದಿಲ್ಲ. ಹಳೆಯ ಪಟ್ಟಿಯಲ್ಲಿ ಒಂದು ಅಪಾಯವೂ ಉಂಟು. ಲಕ್ಷಗಟ್ಟಲೆ ಸಲ ಬಾಗಿ ಬಾಗಿ ಕಣ್ಣಿಗೆ ಕಾಣದ ಬಿರುಕುಗಳು ಅದರಲ್ಲಿ ಹುಟ್ಟಿರಬಹುದು. ಆದ್ದರಿಂದ ಆಚಾರ್ರು ಬೆರಳಗಲದ ತುಣುಕನ್ನು ಮೊದಲು ಕಾಸಿ, ಎಣ್ಣೆಗೆ ಅದ್ದಿ, ಸುತ್ತಿಗೆಯಿಂದ ಮುರಿದು ನೋಡಿದರು. ಮುರಿದ ಜಾಗ ಒರಟು ಸಕ್ಕರೆಯಂತೆ ಕಂಡರೆ ಕೆಟ್ಟದ್ದು. ನುಣುಪು ಬೂದುಬಣ್ಣದ ಮೈ ಕಂಡರೆ ಒಳ್ಳೆಯದು. ಲೋಹಶಾಸ್ತ್ರದ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ಹೇಳುವುದನ್ನೇ ಈ ಮುರಿದ ತುಣುಕು ಬರಿಗಣ್ಣಿಗೆ ಹೇಳುತ್ತದೆ.

ಇಲ್ಲಿ ಉಕ್ಕಿನ ಬಗೆಗೆ ಎರಡು ಮಾತು ಹೇಳಲೇಬೇಕು. ಹೊರದೇಶದವರು ‘ವೂಟ್ಜ್’ ಎಂದು ಕರೆದ ಹೆಸರಾಂತ ಭಾರತೀಯ ಉಕ್ಕಿಗೆ ಆ ಹೆಸರು ಬಂದದ್ದು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಎಂದು ವಿದ್ವಾಂಸರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಅದರ ಬಗೆಗೆ ಪ್ರಬಂಧ ಓದಿದ. ವಿದ್ಯುತ್ತಿನ ಸಂಶೋಧನೆಗಳಿಂದ ನಮಗೆಲ್ಲ ಪರಿಚಿತನಾದ ಮೈಕೆಲ್ ಫ್ಯಾರಡೆ ಆ ಕೆಲಸಕ್ಕೆ ಮುಂಚೆ, 1819ರಲ್ಲಿ, ಈ ಉಕ್ಕನ್ನು ವಿಶ್ಲೇಷಿಸಲು ಕೈಹಾಕಿದ. ಚಾಕು, ಕತ್ತರಿ ಮಾಡುವ ಕಸುಬಿನ ಜೇಮ್ಸ್ ಸ್ಟೋಡಾರ್ಟ್ ಎಂಬಾತ ಅವನ ಜೊತೆಗಾರ. ಹುಟ್ಟಾ ಕಮ್ಮಾರನ ಮಗನಾದ ಫ್ಯಾರಡೆಗೆ ಇದು ಸಹಜವಾದ ಆಸಕ್ತಿಯೇ ಸರಿ.

ಟಿಪ್ಪುವಿನ ಪತನದ ನಂತರ, 1800-01ರಲ್ಲಿ, ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಈ ಉಕ್ಕು ಮಾಡುವ ಕ್ರಮವನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನಿಟ್ಟು, ಅದರ ಜೊತೆಗೆ ತಂಗಡಿ ಗಿಡದ ಕಡ್ಡಿಗಳನ್ನೂ ಹಸಿರೆಲೆಗಳನ್ನೂ ಹಾಕಿ, ಬಾಯಿ ಮುಚ್ಚಿ ಕಾಸುತ್ತಿದ್ದರು. ಕಡ್ಡಿ ಸುಟ್ಟು ಇದ್ದಿಲಾಗಿ ಅದರ ಇಂಗಾಲ ಕಬ್ಬಿಣಕ್ಕೆ ಸೇರುತ್ತಿತ್ತು. ತಂಗಡಿ ಎಂದರೆ ರಸ್ತೆಯ ಪಕ್ಕದಲ್ಲಿ, ಬೀಳು ನೆಲದಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ಆವರಿಕೆ ಗಿಡ. ಇದನ್ನು ನೆನಪಿಟ್ಟುಕೊಂಡಿರಿ, ಒರೆಯ ವಿಷಯಕ್ಕೆ ಬಂದಾಗ ಈ ಗಿಡ ಮತ್ತೆ ಎದುರಾಗುತ್ತದೆ.

ಕಾಸುವುದು, ಅದ್ದುವುದು, ಇಳಿಸುವುದು

ಪಟ್ಟಿಯನ್ನು ಕೆಂಪಗೆ ಕಾಸಿ, ಅಡಿಗಲ್ಲಿನ ಮೇಲೆ ಬಡಿದು ಅಲಗಿನ ಆಕಾರಕ್ಕೆ ತಂದದ್ದಾಯಿತು. ಹಿಡಿಯೊಳಗೆ ಕೂರಬೇಕಾದ ಭಾಗವನ್ನೂ ಅದರಲ್ಲೇ ಉಳಿಸಿದರು. ಬಳಿಕ ಮತ್ತೊಮ್ಮೆ ಕಾಸಿ ಬೂದಿಯಲ್ಲಿ ಹೂತಿಟ್ಟರು. ರಾತ್ರಿಯೆಲ್ಲ ನಿಧಾನವಾಗಿ ಆರಿದ ಉಕ್ಕು ಬೆಳಿಗ್ಗೆ ಮೆತ್ತಗಾಗಿ ಅರಕ್ಕೆ ಮಣಿಯುತ್ತದೆ. ಹಿಡಿಯ ಮೊಳೆಗಳಿಗೆ ತೂತು ಕೊರೆಯುವುದೂ ಈಗಲೇ. ಗಡುಸಾದ ಮೇಲೆ ಸಾಮಾನ್ಯ ಬೈರಿಗೆ ಅದರಲ್ಲಿ ಇಳಿಯುವುದಿಲ್ಲ. ಇಳಿಜಾರನ್ನು ಮಾತ್ರ ಪೂರ್ತಿ ಅರೆಯಲಿಲ್ಲ. ಒಂದೇ ಮಗ್ಗುಲು ಸವೆದ ಅಲಗು ಎಣ್ಣೆಯಲ್ಲಿ ಅದ್ದಿದಾಗ ಸೊಟ್ಟಗಾಗುವ ಸಂಭವ ಹೆಚ್ಚು. ತೆಳ್ಳಗಿನ ಭಾಗ ಬೇಗ, ದಪ್ಪ ಭಾಗ ತಡವಾಗಿ ತಣಿಯುವುದೇ ಇದಕ್ಕೆ ಕಾರಣ. ಆದ್ದರಿಂದ ಬಾಯಿಯಲ್ಲಿ ಮುಕ್ಕಾಲು ಮಿಲಿಮೀಟರಿನಷ್ಟು ದಪ್ಪ ಉಳಿಸಿದರು.

ಈಗ ಬರುವುದು ನಿಜವಾದ ಪರೀಕ್ಷೆ. ಕಬ್ಬಿಣದ ಅಣುಗಳು ತಣ್ಣಗಿರುವಾಗ ಒಂದು ಬಗೆಯ ಜೋಡಣೆಯಲ್ಲಿ, ಬಹಳ ಕಾದಾಗ ಇನ್ನೊಂದು ಬಗೆಯ ಜೋಡಣೆಯಲ್ಲಿ ನಿಲ್ಲುತ್ತವೆ. ಕಾದ ಜೋಡಣೆಯ ಸಂದುಗಳಲ್ಲಿ ಇಂಗಾಲ ಸಲೀಸಾಗಿ ಕೂರುತ್ತದೆ. ತಣ್ಣಗಿನ ಜೋಡಣೆಯಲ್ಲಿ ಅದಕ್ಕೆ ಹೆಚ್ಚುಕಡಿಮೆ ಜಾಗವೇ ಇಲ್ಲ. ನಿಧಾನವಾಗಿ ಆರಿಸಿದರೆ ಇಂಗಾಲ ಮೆಲ್ಲನೆ ಹೊರಬಂದು ಬೇರೆ ಕಡೆ ನೆಲೆಸುತ್ತದೆ, ಉಕ್ಕು ಮೆತ್ತಗಿರುತ್ತದೆ. ಥಟ್ಟನೆ ತಣಿಸಿದರೆ ಹೊರಬರಲು ಪುರುಸೊತ್ತಿಲ್ಲ. ಜಾತ್ರೆಗೆ ಹೊರಟ ಬಸ್ಸಿನಲ್ಲಿ ಜನ ಇಳಿಯುವ ಮೊದಲೇ ಬಾಗಿಲು ಹಾಕಿದಂತೆ. ಒಳಗೆ ಸಿಕ್ಕಿಬಿದ್ದ ಇಂಗಾಲ ಇಡೀ ಜೋಡಣೆಯನ್ನು ಬಿಗಿದು ನಿಲ್ಲಿಸುತ್ತದೆ. ಈ ಬಿಗುವಿನ ಸ್ಥಿತಿಗೆ ಜರ್ಮನಿಯ ಲೋಹತಜ್ಞ ಅಡಾಲ್ಫ್ ಮಾರ್ಟೆನ್ಸ್‌ನ ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುತ್ತಾರೆ. ಹೆಸರು ತಿಳಿಯುವ ಎಷ್ಟೋ ಶತಮಾನ ಮೊದಲೇ ನಮ್ಮ ಕಮ್ಮಾರರು ಇದಕ್ಕೆ ‘ನೀರು ಕುಡಿಸುವುದು’ ಎನ್ನುತ್ತಿದ್ದರು.

ಎಷ್ಟು ಕಾಯಬೇಕು ಎಂಬುದನ್ನು ಅಳೆಯಲು ಆಚಾರ್ರ ಬಳಿ ಉಷ್ಣಮಾಪಕವಿಲ್ಲ, ಒಂದು ಹಳೆಯ ಲೌಡ್‌ಸ್ಪೀಕರಿನ ಅಯಸ್ಕಾಂತವಿದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ಸಿಗೆ ಕಬ್ಬಿಣ ತನ್ನ ಕಾಂತಗುಣವನ್ನು ಬಿಟ್ಟುಕೊಡುತ್ತದೆ. ಕಾದ ಅಲಗನ್ನು ಅಯಸ್ಕಾಂತಕ್ಕೆ ತಾಗಿಸಿ ನೋಡುತ್ತ ಹೋಗಿ, ಅದು ಅಂಟದೆ ಬಿಟ್ಟ ಮೇಲೆ ಇನ್ನೂ ಒಂದು ಛಾಯೆ ಬೆಳ್ಳಗಾಗುವಷ್ಟು ಕಾಸಿದರು. ಸ್ಪ್ರಿಂಗ್ ಉಕ್ಕಿಗೆ 850ರ ಸುತ್ತಮುತ್ತ ಬೇಕು. ಇದನ್ನು ಕತ್ತಲಿನ ಮೂಲೆಯಲ್ಲಿ ಮಾಡುತ್ತಾರೆ. ಬಿಸಿಲಿನಲ್ಲಿ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ನಮ್ಮ ಛಾಯಾಗ್ರಾಹಕರು ದೀಪ ಹಾಕಲು ಹೋದಾಗ ಆಚಾರ್ರು ಬೇಡವೆಂದು ಆರಿಸಿಸಿದ್ದು ಇದಕ್ಕೇ.

ಅದ್ದಿದ್ದು ನೀರಿಗಲ್ಲ, ಹೊಂಗೆ ಎಣ್ಣೆಗೆ. ಈ ಉಕ್ಕನ್ನು ನೀರಿಗೆ ಅದ್ದಿದರೆ ತಣಿಯುವ ವೇಗಕ್ಕೆ ಬಿರುಕು ಬಿಡಬಹುದು. ಎಣ್ಣೆಯನ್ನು ಮೊದಲೇ ಐವತ್ತು ಅರವತ್ತು ಡಿಗ್ರಿಗೆ ಬೆಚ್ಚಗೆ ಮಾಡಿಟ್ಟಿದ್ದರು. ತಣಿಸುವ ಎಣ್ಣೆಯನ್ನು ಬಿಸಿ ಮಾಡುವುದೆ ಎಂದು ಆಶ್ಚರ್ಯವಾದೀತು. ತಣ್ಣನೆಯ ಎಣ್ಣೆ ಗಟ್ಟಿ; ಅಲಗಿನ ಸುತ್ತ ಸರಾಗವಾಗಿ ಹರಿಯುವುದಿಲ್ಲ. ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಬಿಸಿಯನ್ನು ಬೇಗ ಹೊತ್ತೊಯ್ಯುತ್ತದೆ. ಅಲಗನ್ನು ತುದಿ ಕೆಳಗೆ ಮಾಡಿ ನೆಟ್ಟಗೆ ಇಳಿಸಿದರು, ಅತ್ತಿತ್ತ ಅಲುಗಿಸಲಿಲ್ಲ. ಹೊರತೆಗೆದು ಅರ ಹಾಕಿದರೆ ಅರ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಗಡುಸಾಗಿದೆ ಎಂದು ಅರ್ಥ.

ಗಡುಸಾದದ್ದು ಚಾಕುವಾಯಿತೆ? ಇಲ್ಲ. ಈ ಸ್ಥಿತಿಯ ಅಲಗು ಕೈಜಾರಿ ಸಿಮೆಂಟಿನ ನೆಲಕ್ಕೆ ಬಿದ್ದರೆ ಬಳೆಯಂತೆ ಒಡೆಯಬಹುದು. ಅತಿ ಬಿಗುವನ್ನು ಸ್ವಲ್ಪ ಇಳಿಸಬೇಕು. ಮೈಯ ಕರಿ ತೆಗೆದು ಬೆಳ್ಳಗೆ ಉಜ್ಜಿ, ಕಾದ ದಪ್ಪ ತಗಡಿನ ಮೇಲೆ ಬೆನ್ನು ತಾಗುವಂತೆ ಅಲಗನ್ನಿಟ್ಟರು. ನಿಧಾನವಾಗಿ ಬೆಳ್ಳಿಯಂಥ ಮೈಗೆ ಬಣ್ಣ ಏರತೊಡಗಿತು. ಮೊದಲು ಒಣಹುಲ್ಲಿನ ತೆಳು ಹಳದಿ, ಬಿಟ್ಟರೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ತೈಲದ ತೆಳುಪೊರೆ ಬಣ್ಣ ಬಣ್ಣವಾಗಿ ಕಾಣುತ್ತದಲ್ಲವೆ? ಇದೂ ಅದೇ ಬೆಳಕಿನ ಆಟ. ಬಿಸಿ ಏರಿದಂತೆ ಲೋಹದ ಮೇಲಿನ ಆಕ್ಸೈಡ್ ಪೊರೆ ದಪ್ಪವಾಗುತ್ತ ಹೋಗುತ್ತದೆ, ದಪ್ಪ ಬದಲಾದಂತೆ ಬಣ್ಣ ಬದಲಾಗುತ್ತದೆ. ತೆಳು ಹಳದಿ ಎಂದರೆ ಸುಮಾರು 210-220 ಡಿಗ್ರಿ. ನೀಲಿ ಎಂದರೆ 300ರ ಹತ್ತಿರ. ಕೊಡಲಿಗೆ, ಸ್ಪ್ರಿಂಗಿಗೆ ನೀಲಿಯ ಕಡೆ ಹೋಗಬೇಕು. ಕಸಿ ಚಾಕುವಿಗೆ ಹಳದಿ ಸಾಕು. ಬಾಯಿಯಲ್ಲಿ ಹಳದಿ ಕಂಡದ್ದೇ ಆಚಾರ್ರು ಅಲಗನ್ನು ಎತ್ತಿದರು.

ನಮ್ಮ ಭಾಷೆಯಲ್ಲಿ ಈ ಕೆಲಸಕ್ಕೆ ಇರುವ ಮಾತು ‘ಹದ’. ಉಕ್ಕಿಗೆ ಹದ, ಮಣ್ಣಿಗೆ ಹದ, ಪಾಕಕ್ಕೆ ಹದ. ತೀರ ಗಡುಸೂ ಅಲ್ಲದ, ತೀರ ಮೆದುವೂ ಅಲ್ಲದ, ಕೆಲಸಕ್ಕೆ ಬೇಕಾದ ಆ ಒಂದು ನಡುವಿನ ಸ್ಥಿತಿಗೆ ಇಷ್ಟು ಚಿಕ್ಕ, ಇಷ್ಟು ಸರಿಯಾದ ಪದ ಇರುವುದು ನಮ್ಮ ಭಾಗ್ಯ.

ಉಳಿದದ್ದು ತಾಳ್ಮೆಯ ಕೆಲಸ. ಎಡಗೈಯಲ್ಲಿ ಹಿಡಿದಾಗ ಎತ್ತ ಬೇಕೋ ಅತ್ತ ಇಳಿಜಾರು ಬರುವಂತೆ, ನೀರು ಹಾಕುತ್ತ ಕಲ್ಲಿನ ಮೇಲೆ ಸವೆಸಿದರು. ಸಾಣೆಯ ಚಕ್ರಕ್ಕೆ ಒಣಗಲು ಹಿಡಿದು ಅವಸರ ಮಾಡಿದರೆ ಬಾಯಿ ಕಾದು ನೀಲಿಯಾಗುತ್ತದೆ. ಅಲ್ಲಿಗೆ ಇಷ್ಟು ಹೊತ್ತಿನ ಹದವೆಲ್ಲ ನೀರುಪಾಲು. ಚಪ್ಪಟೆ ಮಗ್ಗುಲನ್ನು ಮಾತ್ರ ನುಣ್ಣನೆಯ ಕಲ್ಲಿನ ಮೇಲೆ ಅಂಗಾತ ಇಟ್ಟು ಉಜ್ಜಿದರು. ಅದನ್ನು ಒಂದಿಷ್ಟೂ ಎತ್ತಬಾರದು. ಕೊನೆಗೆ ಬಾಯಿಯ ತುದಿಯಲ್ಲಿ ಮಡಿಚಿಕೊಂಡ ಲೋಹದ ಎಳೆಯನ್ನು ತೊಗಲಿನ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆದು ತೆಗೆದರು.

ಹಿಡಿಗೆ ಹುಣಸೆಯ ಚೇಗು. ಗಟ್ಟಿ, ಸುಲಭಕ್ಕೆ ಸೀಳುವುದಿಲ್ಲ. ಎರಡು ಹಲಗೆ ಚೂರುಗಳನ್ನು ಅಂಟು ಹಾಕಿ ಹಿತ್ತಾಳೆಯ ಮೂರು ಮೊಳೆಗಳಿಂದ ಬಿಗಿದು, ರಟ್ಟಿನ ಮೇಲಿನ ಕೈಯ ಗೆರೆಯನ್ನು ನೋಡುತ್ತ ಕೆತ್ತಿದರು. ಹೆಬ್ಬೆರಳು ಒತ್ತುವ ಕಡೆ ಒಂದು ಸಣ್ಣ ತಗ್ಗು. ಆಕೆಯ ಕೈಗೆ ಕೊಟ್ಟು, ಹಿಡಿಯಲು ಹೇಳಿ, ಮತ್ತೆ ತೆಗೆದುಕೊಂಡು ಅರ ಆಡಿಸಿ, ಮತ್ತೆ ಕೊಟ್ಟು, ಹೀಗೆ ಐದಾರು ಸಲ. ಅಂಗಡಿಯಲ್ಲಿ ಕೊಂಡ ಚಾಕುವಿಗೂ ಇದಕ್ಕೂ ಇರುವ ವ್ಯತ್ಯಾಸ ಈ ಐದಾರು ಸಲದಲ್ಲಿದೆ.

ತಂಗಡಿ ಮತ್ತೆ ಬಂತು

ಒರೆ ಹೊಲಿಯುವ ಕೆಲಸ ಆಚಾರ್ರದಲ್ಲ. ಬಸ್ ನಿಲ್ದಾಣದ ಎದುರು ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿ ನಮ್ಮನ್ನು ಕರೆದೊಯ್ದರು. ಚಾಕುವಿಗೆ ಒರೆ ಹೊಲಿದು ಗೊತ್ತೆ ಎಂದು ನಾನು ಕೇಳಿದಾಗ, “ಕಾಲಿಗೆ ಅಳತೆ ಹಿಡಿಯೋನು ಚಾಕಿಗೆ ಹಿಡಿಯಕ್ಕಾಗಲ್ವ ಸ್ವಾಮಿ?” ಎಂದು ಅವರು ನಕ್ಕರು.

ಮೊದಲ ಪ್ರಶ್ನೆ, ಯಾವ ತೊಗಲು ಎಂಬುದು. ಇಂದು ಮಾರುಕಟ್ಟೆಯಲ್ಲಿ ಸಿಗುವ ಚರ್ಮದ ಬಹುಪಾಲು ಕ್ರೋಮಿಯಂ ಲವಣದಿಂದ ಹದ ಮಾಡಿದ್ದು. 1884ರಲ್ಲಿ ಅಮೆರಿಕದಲ್ಲಿ ಆಗಸ್ಟಸ್ ಶುಲ್ಟ್ಸ್ ಎಂಬಾತ ಅದಕ್ಕೆ ಪೇಟೆಂಟ್ ಪಡೆದ. ಬೇಗ ಆಗುತ್ತದೆ, ಮೆತ್ತಗಿರುತ್ತದೆ, ಪರ್ಸಿಗೆ, ಬೂಟಿನ ಮೇಲ್ಭಾಗಕ್ಕೆ ಸೊಗಸು. ಒರೆಗೆ ಮಾತ್ರ ಅದು ಒಗ್ಗುವುದಿಲ್ಲ. ಒದ್ದೆ ಮಾಡಿ ಒತ್ತಿದರೆ ಆಕಾರ ನಿಲ್ಲುವುದಿಲ್ಲ. ಅದರಲ್ಲಿ ಉಳಿದ ಲವಣಗಳು ಉಕ್ಕಿಗೆ ತುಕ್ಕು ತರುವ ಭಯವೂ ಇದೆ.

ಒರೆಗೆ ಬೇಕಾದದ್ದು ಗಿಡದ ತೊಗಟೆಯಿಂದ ಹದ ಮಾಡಿದ ತೊಗಲು. ತೊಗಟೆಯಲ್ಲಿ, ಕಾಯಿಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಕಾಯಿ ಅಡಕೆ ಅಗಿದಾಗ ನಾಲಿಗೆ ಬಿಗಿದುಕೊಳ್ಳುತ್ತದಲ್ಲ, ಅದು ಟ್ಯಾನಿನ್ನಿನ ಕೆಲಸ. ಅದು ಹಸಿ ಚರ್ಮದ ಪ್ರೋಟೀನ್ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಹಾಗೆ ಕಟ್ಟಿದ ಚರ್ಮ ಕೊಳೆಯುವುದಿಲ್ಲ. ವಾರಗಟ್ಟಲೆ ಹಿಡಿಯುವ ಕೆಲಸ. ದಕ್ಷಿಣ ಭಾರತದಲ್ಲಿ ಇದಕ್ಕೆ ತಲೆತಲಾಂತರದಿಂದ ಬಳಸುತ್ತಿದ್ದ ತೊಗಟೆ ಯಾವುದು ಗೊತ್ತೆ? ತಂಗಡಿಯದು. ಅದರೊಡನೆ ಅಳಲೆಕಾಯಿ. ಮೂಸೆಯಲ್ಲಿ ಕಡ್ಡಿಯಾಗಿ ಸುಟ್ಟು ಉಕ್ಕಿಗೆ ಇಂಗಾಲ ಕೊಟ್ಟ ಗಿಡವೇ ತೊಟ್ಟಿಯಲ್ಲಿ ತೊಗಟೆಯಾಗಿ ನೆನೆದು ತೊಗಲಿಗೆ ಹದ ಕೊಟ್ಟಿತು. ಯಾರೂ ನೀರೆರೆಯದ, ಬೇಲಿಯ ಪಕ್ಕದ ಒಂದು ಗಿಡ ಅಲಗನ್ನೂ ಒರೆಯನ್ನೂ ಸಾಕಿದೆ. ತೆಲಂಗಾಣದವರು ಅದರ ಹೂವನ್ನು ತಮ್ಮ ರಾಜ್ಯದ ಹೂವನ್ನಾಗಿ ಆರಿಸಿಕೊಂಡಿದ್ದಾರೆ. ಕಾಯಕದ ದೃಷ್ಟಿಯಿಂದ ನಮಗೂ ಅದು ಅಷ್ಟೇ ಹತ್ತಿರದ್ದು.

ಮೂರು ಮಿಲಿಮೀಟರು ದಪ್ಪದ ಎಮ್ಮೆಯ ತೊಗಲು. ಹಿರಿಯರು ಚಾಕುವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು, ಸುತ್ತ ಒಂದು ಬೆರಳು ಹೆಚ್ಚಿಗೆ ಬಿಟ್ಟು ಕತ್ತರಿಸಿದರು. ಆ ಕಾಗದವನ್ನು ಬೋರಲು ಮಾಡಿ ತೊಗಲಿನ ಮೇಲಿಟ್ಟರು. ಎಡಸೊಂಟಕ್ಕೆ ಬರುವ ಒರೆಯಾದ್ದರಿಂದ ಎಲ್ಲವೂ ಕನ್ನಡಿಯೊಳಗಿನ ಬಿಂಬದಂತೆ ತಿರುಗಬೇಕು. ರಂಪಿಗೆಯಿಂದ ಒಂದೇ ಎಳೆತಕ್ಕೆ ತೊಗಲು ಕತ್ತರಿಸಿದರು.

ಒರೆಯ ಎರಡು ಪದರಗಳ ನಡುವೆ, ಅಲಗಿನ ಬಾಯಿ ಬರುವ ಕಡೆ, ಕಿರುಬೆರಳಗಲದ ಇನ್ನೊಂದು ಪಟ್ಟಿ ಇಟ್ಟರು. ನೋಡಲು ಇದು ಹೊರಗೆ ಕಾಣುವುದೇ ಇಲ್ಲ. ಆದರೆ ಒರೆಯ ಆಯುಷ್ಯ ನಿಂತಿರುವುದು ಇದರ ಮೇಲೆ. ಈ ನಡುಪಟ್ಟಿ ಇಲ್ಲದಿದ್ದರೆ ಚಾಕು ಹಾಕಿದಾಗಲೆಲ್ಲ ಬಾಯಿ ನೇರವಾಗಿ ಹೊಲಿಗೆಯ ದಾರವನ್ನು ತಾಗಿ ಕೊಯ್ಯುತ್ತದೆ. ಒಂದು ದಿನ ಒರೆ ಬಿಚ್ಚಿ ಚಾಕು ಸೊಂಟಕ್ಕೆ ನಾಟುತ್ತದೆ.

ಹೊಲಿಗೆಗೆ ಜೇನುಮೇಣ ಉಜ್ಜಿದ ದಾರ, ಹೊಲಿಗೆಯ ಉದ್ದದ ನಾಲ್ಕರಷ್ಟು. ಎರಡು ತುದಿಗೂ ಒಂದೊಂದು ಸೂಜಿ. ನಾಲ್ಕು ಮಿಲಿಮೀಟರಿಗೊಂದರಂತೆ ಉಳಿಯಿಂದ ತೂತು ಹಾಕಿ, ಪ್ರತಿ ತೂತಿನಲ್ಲೂ ಎರಡು ಸೂಜಿಗಳನ್ನು ಎದುರುಬದುರಾಗಿ ದಾಟಿಸಿ ಎಳೆಯುತ್ತಾರೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಕೆಳಗಿನ ದಾರವನ್ನು ನಡುವೆ ಕೊಕ್ಕೆಯಂತೆ ಹಿಡಿದಿರುತ್ತದೆ; ಒಂದು ಕಡೆ ಸವೆದು ಹರಿದರೆ ಅಕ್ಕಪಕ್ಕದ ಹೊಲಿಗೆಯೂ ಸಡಿಲವಾಗುತ್ತದೆ. ಈ ಎರಡು ಸೂಜಿಯ ಹೊಲಿಗೆಯಲ್ಲಿ ಒಂದು ಎಳೆ ಹರಿದರೆ ಇನ್ನೊಂದು ಎಳೆ ಇಡೀ ಸಾಲನ್ನು ಹಿಡಿದಿರುತ್ತದೆ.

ಕೊನೆಗೆ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಮುಳುಗಿಸಿ ತೆಗೆದರು. ಚಾಕುವಿಗೆ ಪಾಲಿಥಿನ್ ಸುತ್ತಿ ಒಳಗಿಟ್ಟು, ಮರದ ತುಂಡಿನಿಂದ ಮೆಲ್ಲಗೆ ಒತ್ತುತ್ತ ಹೋದರು. ಚಾಕುವಿನ ಆಕಾರ ತೊಗಲಿನ ಮೇಲೆ ಮೂಡಿತು. ಪಾಲಿಥಿನ್ ಯಾಕೆ? ಒದ್ದೆ ತೊಗಲಿನ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಹಿಂದೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಬರೆಯುವ ಮಸಿ ಮಾಡುತ್ತಿದ್ದದ್ದು ಇದೇ ಕ್ರಿಯೆಯಿಂದ. ಪಾಲಿಥಿನ್ ಇಲ್ಲದಿದ್ದರೆ ಒರೆಯ ಒಳಗೂ ಅಲಗಿನ ಮೇಲೂ ಮಸಿ ಬೀಳುತ್ತದೆ. ಬಳಿಕ ನೆರಳಿನಲ್ಲಿ ಒಂದು ದಿನ ಒಣಗಿಸಬೇಕು. ಬಿಸಿಲಿಗೆ, ಒಲೆಗೆ ಇಟ್ಟರೆ ತೊಗಲು ಮುರುಟಿ ಸೀಳುತ್ತದೆ.

ಆಕೆ ಕೆಲಸದಲ್ಲಿರುವಾಗ ಸೀರೆಯ ಮೇಲೆ ಗಂಡಸರ ಅಂಗಿ ತೊಡುತ್ತಾರೆ. ಬೆಲ್ಟು ಎಲ್ಲಿಂದ ಬರಬೇಕು? ಅದಕ್ಕೇ ಒರೆಯ ಹಿಂದೆ ಅಂಗಿಯ ಮೇಲೆ ಕಟ್ಟುವ ನೂಲಿನ ಹಗ್ಗ ತೂರುವಷ್ಟು ಅಗಲದ ಕುಣಿಕೆ ಇಟ್ಟರು. ಒಣಗಿದ ಒರೆಗೆ ಚಾಕು ಹಾಕಿ, ತಲೆಕೆಳಗು ಮಾಡಿ ಜೋರಾಗಿ ಕೊಡವಿ ನೋಡಿದರು. ಬೀಳಲಿಲ್ಲ. ಎರಡು ಬೆರಳಲ್ಲಿ ಎಳೆದರೆ ಬಂತು. ಒರೆಯ ಹದ ಎಂದರೆ ಅದು.

ನೀವು ತಿಳಿದಿರಬೇಕಾದದ್ದು

ಒಂದೆರಡು ಎಚ್ಚರಿಕೆಯ ಮಾತು. ಒರೆ ಚಾಕುವನ್ನು ಹೊತ್ತು ತಿರುಗಲು ಇರುವುದು, ತಿಂಗಳುಗಟ್ಟಲೆ ಒಳಗಿಟ್ಟು ಮರೆಯಲು ಅಲ್ಲ. ತೊಗಲು ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಚಾಕು ಒಳಗೇ ತುಕ್ಕು ಹಿಡಿಯುತ್ತದೆ. ಮನೆಗೆ ಬಂದ ಮೇಲೆ ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗುಗಳನ್ನು ನಮ್ಮ ಆಯುಧ ನಿಯಮಗಳು ಬೇರೆಯಾಗಿಯೇ ಕಾಣುತ್ತವೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಎಂದು ಮಾಡಿದವಕ್ಕೆ ವಿನಾಯಿತಿ ಇದೆ. ಮಾಡಿಸುವಾಗ ಕೆಲಸದ ಚಾಕು ಮಾಡಿಸಿ, ಪ್ರದರ್ಶನದ ಕತ್ತಿಯನ್ನಲ್ಲ.

ಇನ್ನು ಆಕೆಯ ವಿಷಯ. ಹೊಸ ಚಾಕುವಿನಲ್ಲಿ ಆಕೆ ಕೆತ್ತಿದ ಮೊದಲ ಬೆಣೆಯನ್ನು ಮೇಸ್ತ್ರಿ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಏನೂ ಹೇಳದೆ ಹಿಂದಕ್ಕೆ ಕೊಟ್ಟರು. ಮುಂದಿನ ಮಳೆಗಾಲದಲ್ಲಿ ನಾನು ಬೇರೆ ಕೆಲಸದ ಮೇಲೆ ಆ ಕಡೆ ಹೋದಾಗ ಆಕೆ ಕಸಿಯ ಸಾಲಿನಲ್ಲಿ ಕುಳಿತಿದ್ದರು. ಮಣ್ಣು ತುಂಬುವ ಜಾಗದಲ್ಲಿ ಬೇರೆ ಯಾರೋ ಇದ್ದರು.

ಈ ಚಾಕುವಿಗೆ ಆದ ಖರ್ಚು ಅಂಗಡಿಯ ಚಾಕುವಿನ ಬೆಲೆಗಿಂತ ಹೆಚ್ಚೇ. ಎರಡು ದಿನ ಆಚಾರ್ರದು, ಒಂದು ದಿನ ಹಿರಿಯರದು. ಆ ದಿನಗಳ ಕೂಲಿ ಕೊಡಲು ಗಿರಾಕಿಗಳಿಲ್ಲದೆ ನಮ್ಮ ಊರುಗಳ ಕುಲುಮೆಗಳು ಒಂದೊಂದಾಗಿ ಆರುತ್ತಿವೆ. ಆಚಾರ್ರ ಮಗ ಬೆಂಗಳೂರಿನಲ್ಲಿ ಆಟೋ ಓಡಿಸುತ್ತಾನೆ. ಚಪ್ಪಲಿ ಹೊಲಿಯುವ ಹಿರಿಯರ ಮಗ ತಂದೆಯ ಪಕ್ಕದಲ್ಲಿ ಕೂರಲು ನಾಚುತ್ತಾನೆ. ಅವನ ನಾಚಿಕೆಗೆ ಅವನು ಕಾರಣನಲ್ಲ. ಮಾದಾರ ಧೂಳಯ್ಯನಂಥ ಚಮ್ಮಾರ ಶರಣ ಹನ್ನೆರಡನೆಯ ಶತಮಾನದಲ್ಲೇ ವಚನ ಬರೆದ ನಾಡು ಇದು. ಆದರೂ ತೊಗಲು ಮುಟ್ಟುವ ಕೈಯನ್ನು ನಾವು ಇಷ್ಟು ಕಾಲ ದೂರವೇ ಇಟ್ಟೆವು. ಅವರು ಹೊಲಿದದ್ದು ನಮಗೆ ಬೇಕು, ಅವರು ಬೇಡ ಎಂಬ ಲೆಕ್ಕ. ಮಗ ಆ ಲೆಕ್ಕವನ್ನು ಚೆನ್ನಾಗಿ ಓದಿಕೊಂಡಿದ್ದಾನೆ, ಅಷ್ಟೆ.

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಚಮ್ಮಾರಿಕೆಯೂ ಸೇರಿವೆ. ತರಬೇತಿ, ಸಲಕರಣೆ, ಸಾಲ ಅದರಿಂದ ಸಿಗಬಹುದು. ಕೆಲಸ ಕೊಡಬೇಕಾದವರು ಮಾತ್ರ ನಾವು. ನಿಮ್ಮ ಮನೆಯಲ್ಲಿ ಎಡಗೈಯ ಮಗುವಿರಬಹುದು, ಸಂಧಿವಾತದಿಂದ ಬೆರಳು ಮಡಚಲಾರದ ಅಜ್ಜಿ ಇರಬಹುದು, ತೋಟದಲ್ಲಿ ಬೆರಳು ಕಳೆದುಕೊಂಡ ಕೆಲಸಗಾರರಿರಬಹುದು. ಅವರನ್ನು ಕರೆದುಕೊಂಡು ಹತ್ತಿರದ ಕುಲುಮೆಗೆ ಹೋಗಿ. ಒಂದು ಕಡ್ಡಿ ಕೆತ್ತಿ ತೋರಿಸಿ. ಮಿಕ್ಕದ್ದನ್ನು ಆಚಾರ್ರು ನೋಡಿಕೊಳ್ಳುತ್ತಾರೆ. ಬರುವಾಗ ದಾರಿಯಲ್ಲಿ ಚಪ್ಪಲಿ ಹೊಲಿಯುವವರ ಬಳಿ ಒರೆಗೆ ಅಳತೆ ಕೊಟ್ಟು ಬನ್ನಿ; ಎಷ್ಟಾಗುತ್ತದೆ ಎಂದು ಕೇಳಿ, ಚೌಕಾಶಿ ಮಾಡದೆ ಅಷ್ಟನ್ನೂ ಕೊಡಿ.